ರಾತ್ರಿಗಿ ಏನ್ ಮಾಡ್ಲಿ?

ಸಂಜಿ ಐದೂವರಿ ಆಯ್ತಂದ್ರ ನಮ್ಮ ಓಣ್ಯಾಗ ಎಲ್ಲಾರ ಬಾಯಾಗೂ ಒಂದೇ ಮಾತು: "ರಾತ್ರಿಗಿ ಏನ್ ಮಾಡ್ತೀರಿ?" ಕಟ್ಟಿ ಮ್ಯಾಲ ಕುಂತವ್ರೂ ಕೇಳ್ತಾರ, ಪುಣೆದಿಂದ ಫೋನ್ ಮಾಡೋ ಮಗಳೂ ಕೇಳ್ತಾಳ. ಅಡಗಿ ಮಾಡೂದಕ್ಕಿಂತ ಏನ್ ಮಾಡ್ಬೇಕಂತ ಠರಾಯಿಸೂದೇ ದೊಡ್ಡ ಕೆಲಸ. ಮನ್ಯಾಗ ಕೇಳಿದ್ರ "ಏನರೆ ಮಾಡು" ಅಂತಾರ. ಆ 'ಏನರೆ' ಅನ್ನೂ ಪಲ್ಯ ಯಾ ಸಂತ್ಯಾಗ ಸಿಗ್ತದ ಹೇಳ್ರಿ!

ನಮ್ಮ ಅತ್ತಿ ಕಾಲದಾಗ ಈ ಚಿಂತಿ ಇದ್ದಿಲ್ಲ. ಜೋಳದ ರೊಟ್ಟಿ, ಬ್ಯಾಳಿ ಇಲ್ಲಾ ಪುಂಡಿಪಲ್ಯ, ಬಾಜೂಕ ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅನ್ನ ಅಂದ್ರ ಹಬ್ಬಕ್ಕ, ಇಲ್ಲಾ ಬೀಗರು ಬಂದಾಗ. ಹಂಗಂತ ಆಗಿನ ಕಾಲ ಭಾಳ ಛಂದಿತ್ತು ಅಂತ ನಾ ಅನ್ನಂಗಿಲ್ಲ. ಹದಿನಾಲ್ಕು ಮಂದಿಗಿ ಒಲಿ ಮುಂದ ಕುಂತು ರೊಟ್ಟಿ ಬಡದಿದ್ದು ಅಕಿ ಕೈನೇ. ಹೊಗಿಗಿ ಕಣ್ಣು ಕೆಂಪಾಗಿ ಇರ್ತಿದ್ವು.

2013ರ ಜುಲೈದಾಗ ಅನ್ನಭಾಗ್ಯ ಶುರು ಆದ ಮ್ಯಾಲ ರೇಷನ್ ಅಕ್ಕಿ ಮನಿ ಮನಿಗಿ ಬಂತು. ಕುಕ್ಕರ್ ಇಟ್ಟು ಮೂರು ಸೀಟಿ ಹೊಡಿಸಿದ್ರ ಊಟ ತಯಾರ. ಹೆಣ್ಮಕ್ಕಳ ರಟ್ಟಿಗಿ ಅಷ್ಟು ಆರಾಮ ಸಿಕ್ತು. ಆದ್ರ ನಮ್ ಮನ್ಯಾಗ ಈಗ ಬ್ಯಾರೆನೇ ಪಂಚಾಯ್ತಿ ನಡದದ. ಮನಿಯವ್ರಿಗಿ ಶುಗರ್ ಬಂದದ, ರಾತ್ರಿ ಅನ್ನ ಕಡಿಮಿ ಮಾಡ್ರಿ ಅಂದಾರ ಡಾಕ್ಟರ್. ನನಗ ಬಲಗಡಿ ಭುಜ ಹಿಡದದ, ಹಿಟ್ಟು ನಾದಿ ಬಡೀಲಾಕ ಕೈ ಏಳಂಗಿಲ್ಲ. ಅವರ ಶುಗರ್ ರೊಟ್ಟಿ ಮಾಡು ಅಂತದ, ನನ್ ಭುಜ ಅನ್ನ ಇಡು ಅಂತದ. ದಿನಾ ಸಂಜಿಗಿ ಇಬ್ಬರ ನಡುವ ನ್ಯಾಯ ಮಾಡೂದು ನಾನೇ.

ಜೋಳ ತಿಂದ್ರ ಶುಗರ್ ಹೋಗೇ ಬಿಡ್ತದಂತ ಕೆಲವ್ರು ಹೇಳ್ತಾರ. ಹಂಗೇನಿಲ್ಲ. ಜೋಳದಾಗ ನಾರು ಅದ, ಹೊಟ್ಟಿ ಗಟ್ಟಿ ಇರ್ತದ, ಆದ್ರ ನಾಕು ರೊಟ್ಟಿ ತಿಂದ್ರ ಅದೂ ಏರಸ್ತದ. ಎರಡು ರೊಟ್ಟಿ, ಪಲ್ಯ ಹೆಚ್ಚಿಗಿ, ಇಷ್ಟೇ ನಮ್ ಲೆಕ್ಕ.

ಈಗ ನಾ ಏನ್ ಮಾಡ್ತೀನಂದ್ರ, ವಾರಕ್ಕ ಮೂರು ರಾತ್ರಿ ಬಿಸಿ ರೊಟ್ಟಿ. ಆದ್ರ ನಾದೂದು, ಬೇಯಸೂದು ಅವರ ಕೆಲಸ, ಬಡಿಯೂದಷ್ಟೇ ನಂದು. "ಗಂಡ್ಸು ಹಂಚಿನ ಮುಂದ ನಿಂತಾನ" ಅಂತ ಮೊದ್ಲು ನಗ್ತಿದ್ದವ್ರು ಈಗ ಸುಮ್ಮನಾಗ್ಯಾರ. ಎರಡು ದಿನ ಕಟಕ್ ರೊಟ್ಟಿ. ನಮ್ ಓಣ್ಯಾಗೇ ಒಬ್ಬಾಕಿ ಮಾಡಿ ಮಾರ್ತಾಳ. ಅಕಿಗೂ ನಾಕು ಕಾಸು, ನನಗೂ ಬಿಡುವು. ಉಳಿದ ದಿನ ಖಿಚಡಿ, ಇಲ್ಲಾ ಬ್ಯಾಳ್ಯಾಗ ಚಪಾತಿ ಹಿಟ್ಟಿನ ತುಂಡು ಹಾಕಿ ಕುದಸ್ತೀನಿ. ಗಡಿ ಆಕಡಿ ಮರಾಠಿ ಮಂದಿ ಅದಕ್ಕ ವರಣಫಳ ಅಂತಾರ. ಖಿಚಡಿಗಿ ಮೊದ್ಲು ಅಕ್ಕಿ ಎರಡು ಪಾಲು, ಬ್ಯಾಳಿ ಒಂದು ಪಾಲು ಹಾಕ್ತಿದ್ದೆ. ಈಗ ಸಮಾ ಸಮಾ. ಮ್ಯಾಲ ಮೆಂತ್ಯಾ ಪಲ್ಯ ಒಂದ್ ಕಟ್ಟು.

ಏನೂ ತಿಳೀಲಿಲ್ಲಂದ್ರ ಝುಣಕ. ಇಬ್ಬರಿಗಿ ಒಂದ್ ಬಟ್ಟಲ ಕಡ್ಲಿಹಿಟ್ಟು ಸಾಕು. ಎಣ್ಣಿ ಕಾದ ಮ್ಯಾಲ ಸಾಸಿವಿ, ಜೀರಗಿ, ಜಜ್ಜಿದ ಎಂಟು ಎಸಳು ಬಳ್ಳೊಳ್ಳಿ, ನಾಕು ಹಸಿ ಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ. ಅರಿಶಿಣ, ಉಪ್ಪು, ಒಂದೂವರಿ ಬಟ್ಟಲ ನೀರು ಹಾಕಿ ಕುದಿ ಬಂದ ಮ್ಯಾಲ ಉರಿ ಸಣ್ಣ ಮಾಡ್ರಿ. ಒಂದ್ ಕೈಲೆ ಹಿಟ್ಟು ಉದರಸ್ರಿ, ಇನ್ನೊಂದ್ ಕೈಲೆ ತಿರುವ್ರಿ. ಮುಚ್ಚಿಟ್ಟು ಐದು ಮಿನಿಟ. ಕೊತ್ತಂಬರಿ ಉದರಸಿದ್ರ ಆಯ್ತು. ಲೈಟ್ ಹೋದ್ರೂ ಮಾಡಬಹುದು, ಮಿಕ್ಸರ್ ಬ್ಯಾಡ.

ಮಕ್ಕಳು ದೂರ ಹೋದ ಮ್ಯಾಲ ಅಳತಿ ಕಲಿಯೂದೂ ಒಂದು ವಿದ್ಯಾನೇ. ನಮ್ಮ ಬಸವಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥಿ ಎಲ್ಲಾರಿಗೂ ಗೊತ್ತದ. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚಿಗಿ ಅಕ್ಕಿ ಆಯ್ಕೊಂಡು ಬಂದ್ರ, ತಿರುಗಿ ಒಯ್ದು ಚೆಲ್ಲಿ ಬಾ ಅಂದಾಕಿ ಅಕಿ. ಬುಟ್ಟ್ಯಾಗ ಹಿಟ್ಟು ಹಾಕೂಮುಂದ ನನಗ ಅಕಿ ನೆನಪು ಬರ್ತದ. ಹೆಚ್ಚಿಗಿ ಮಾಡಿದ್ರ ಮರುದಿನ ತಂಗಳಾ ಉಣ್ಣೂದು ಯಾರು? ಮನಿ ಹೆಣ್ಮಕ್ಕಳೇ. ಯಾ ಮನ್ಯಾಗ ನೋಡಿದ್ರೂ ಇದೇ ಪದ್ಧತಿ.

ಅದಕ್ಕ ಅಕ್ಕೋರೇ, ವಾರಕ್ಕ ಒಂದ್ ರಾತ್ರಿಯರೆ ಯಾರ್ನೂ ಕೇಳಬ್ಯಾಡ್ರಿ. ನಿಮಗೇನು ಉಣ್ಣೂ ಮನಸಾಗ್ಯದ, ಅದನ್ನ ಮಾಡ್ರಿ. ನಂದಂತೂ ಶುಕ್ರವಾರ. ಚುರುಮುರಿ ನೆನಸಿ, ಪುಟಾಣಿ ಹಿಟ್ಟು ಹಾಕಿ, ಖಾರ ಖಾರ ಸುಸಲಾ. ಮನಿಯವ್ರಿಗಿ ಮುಂಜಾನಿ ರೊಟ್ಟಿ ಎರಡು ಬಟ್ಟ್ಯಾಗ ಸುತ್ತಿ ಇಟ್ಟಿರ್ತೀನಿ, ಮೊಸರು ಅದ, ಹಿಂಡಿ ಅದ. ನಾ ಕುಂತು, ಬಿಸಿ ಇದ್ದಾಗೇ, ತಿಂತೀನಿ.