ಆಗುಂಬೆಯ ಮಳೆಯೂ ಕ್ಯಾಮರಾದ ಕಣ್ಣೂ

ಮಳೆಗಾಲದಲ್ಲಿ ಆಗುಂಬೆಗೆ ಹೊರಟವರು ಕೊಡೆಯನ್ನು ಮರೆಯುವುದಿಲ್ಲ. ಬದಲಿ ಬಟ್ಟೆಯನ್ನು ಮರೆಯುವುದಿಲ್ಲ. ಇಂಬಳ ಹತ್ತದಂತೆ ಕಾಲಿಗೆ ಹಚ್ಚಿಕೊಳ್ಳಲು ಸುಣ್ಣವನ್ನೋ ಹೊಗೆಸೊಪ್ಪನ್ನೋ ಕಟ್ಟಿಕೊಳ್ಳುವುದನ್ನೂ ಮರೆಯುವುದಿಲ್ಲ. ಮರೆಯುವುದು ಒಂದನ್ನು ಮಾತ್ರ. ಹೆಗಲಿನಿಂದ ಇಳಿಬಿದ್ದ ಕ್ಯಾಮರಾಕ್ಕೂ ಒಂದು ಕಣ್ಣಿದೆ, ಆ ಕಣ್ಣಿಗೂ ಮಳೆಗಾಲ ತಾಗುತ್ತದೆ ಎಂಬುದನ್ನು.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಈ ಪುಟ್ಟ ಊರು ಪಶ್ಚಿಮ ಘಟ್ಟದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿ ಕುಳಿತಿದೆ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ನೈಋತ್ಯ ಮಾರುತವು ಕರಾವಳಿಯನ್ನು ದಾಟಿ ಘಟ್ಟದ ಗೋಡೆಗೆ ಎದೆಕೊಟ್ಟು ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ಹೊತ್ತ ಹೊರೆಯನ್ನೆಲ್ಲ ಇಲ್ಲಿಯೇ ಇಳಿಸಿಬಿಡುತ್ತದೆ. ಬೆಂಗಳೂರಿನಲ್ಲಿ ವರ್ಷವೆಲ್ಲ ಸುರಿದರೂ ಮಳೆ 1,000 ಮಿಲ್ಲಿಮೀಟರಿನ ಆಸುಪಾಸು. ಆಗುಂಬೆಯ ಸರಾಸರಿ 7,000 ಮಿಲ್ಲಿಮೀಟರನ್ನು ಮೀರುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲಿಯೇ ಇಲ್ಲಿ 4,508 ಮಿಲ್ಲಿಮೀಟರು ಮಳೆ ಬಿದ್ದ ದಾಖಲೆಯಿದೆ. ಇಲ್ಲಿಯವರಿಗೆ ಮಳೆಯು ವರ್ಷದ ಮೂರು ನಾಲ್ಕು ತಿಂಗಳು ಮನೆಯಲ್ಲಿಯೇ ಬಿಡಾರ ಹೂಡುವ ನೆಂಟ.

ಆಷಾಢದ ಒಂದು ಬೆಳಿಗ್ಗೆ ಬೆಂಗಳೂರಿನ ಕುಟುಂಬವೊಂದು ಇಲ್ಲಿಗೆ ಬಂದಿಳಿಯಿತು. ನಿವೃತ್ತ ಉಪಾಧ್ಯಾಯರಾದ ತಾತ, ಮಗ, ಸೊಸೆ, ಕಾಲೇಜಿನಲ್ಲಿ ಓದುವ ಮೊಮ್ಮಗಳು. ಮೊಮ್ಮಗಳ ಕೊರಳಲ್ಲಿ ಹುಟ್ಟುಹಬ್ಬಕ್ಕೆ ಬಂದ ಹೊಸ ಕ್ಯಾಮರಾ. ತಂಪುಯಂತ್ರದ ಗಾಳಿ ತುಂಬಿದ್ದ ಕಾರಿನ ಬಾಗಿಲು ತೆರೆದು ಹೊರಗೆ ಕಾಲಿಟ್ಟಳೋ ಇಲ್ಲವೋ, ಲೆನ್ಸಿನ ಮೇಲೆ ಮಂಜು ಮುಸುಕಿತು. ಎದುರಿಗೆ ಹಾವಸೆ ಹಬ್ಬಿದ ಹೆಂಚಿನ ಮನೆಗಳ ಸಾಲು, ಅದರಾಚೆ ಮೋಡದಲ್ಲಿ ಮುಳುಗಿದ ಕಾಡು. ಕ್ಯಾಮರಾದೊಳಗೆ ಮಾತ್ರ ಬರಿಯ ಹಾಲುಬಣ್ಣ. ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಬೇಡ ಪುಟ್ಟಿ, ಅದರಲ್ಲಿ ಒರಸಬೇಡ,” ಎಂದರು ತಾತ.

“ಯಾಕೆ ತಾತ? ಮೆತ್ತನೆಯ ಬಟ್ಟೆಯೇ ಅಲ್ಲವೇ?”

“ಬಟ್ಟೆ ಮೆತ್ತಗಿದೆ ತಾಯಿ. ಅದರಲ್ಲಿ ಕೂತಿರುವ ಮರಳು ಮೆತ್ತಗಿಲ್ಲ.”

ತಾತನ ಮಾತು ಸತ್ಯ. ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಸಣ್ಣ ಹರಳುಗಳಿರುತ್ತವೆ. ಅವು ಗಾಜಿಗಿಂತ ಗಟ್ಟಿ. ಸೆರಗಿನಿಂದ, ಪಂಚೆಯಿಂದ, ಕರವಸ್ತ್ರದಿಂದ ಉಜ್ಜಿದಾಗ ಮಂಜೇನೋ ಹೋಗುತ್ತದೆ; ಕಣ್ಣಿಗೆ ಕಾಣದ ಗೀರುಗಳು ಉಳಿಯುತ್ತವೆ. ಅದಲ್ಲದೆ ಲೆನ್ಸಿನ ಮೇಲಿರುವುದು ಬರಿಯ ಗಾಜಲ್ಲ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಈ ನಷ್ಟವನ್ನು ತಡೆಯಲು ಜರ್ಮನಿಯ ಜೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಎಂಬ ವಿಜ್ಞಾನಿ 1935ರಲ್ಲಿ ಗಾಜಿಗೆ ಅತಿ ತೆಳುವಾದ ಲೇಪವನ್ನು ಕೊಡುವ ಕ್ರಮವನ್ನು ರೂಪಿಸಿದರು. ಲೆನ್ಸನ್ನು ಓರೆಯಾಗಿ ಹಿಡಿದಾಗ ನವಿಲುಗರಿಯಂತೆ ಮಿನುಗುವ ನೇರಳೆ, ಹಸಿರು ಬಣ್ಣಗಳು ಆ ಲೇಪದವು. ಕೂದಲೆಳೆಯ ದಪ್ಪವನ್ನು ನೂರಾರು ಪಾಲು ಮಾಡಿದರೆ ಒಂದು ಪಾಲಿನಷ್ಟು ತೆಳುವಾದ ಆ ಪದರವನ್ನು ದುಪಟ್ಟಾದ ತುದಿಗೆ ಒಪ್ಪಿಸುವುದು ಜಾಣತನವಲ್ಲ.

ಮಂಜಿಗೆ ಮದ್ದು ತಾಳ್ಮೆಯೇ. ತಂಪಾದ ಗಾಜಿಗೆ ತೇವದ ಗಾಳಿ ತಾಗಿ ಹನಿಗಟ್ಟುತ್ತದೆ. ಗಾಜು ಹೊರಗಿನ ಬಿಸುಪಿಗೆ ಬಂದ ಮೇಲೆ ಅದು ತಾನಾಗಿಯೇ ಆರುತ್ತದೆ. ಕಾರಿನಿಂದ ಇಳಿಯುವ ಮೊದಲೇ ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಹನಿ ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಇನ್ನು ಮಳೆಹನಿಗೆ ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ ಇದೆ. ಗದ್ದೆಯಲ್ಲಿ ಸಸಿ ನೆಡುವ ಮಲೆನಾಡಿನ ಹೆಂಗಸರು ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುತ್ತಿದ್ದ ಗೊರಬಿನ ಕೆಲಸವನ್ನೇ ಅದು ಕ್ಯಾಮರಾಕ್ಕೆ ಮಾಡುತ್ತದೆ.

ಊರಿನ ದೊಡ್ಡಮನೆಯನ್ನು ನೋಡದೆ ಬಂದವರಿಲ್ಲ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನ ಮಾಲಿಕೆಯಾಗಿ ಚಿತ್ರಿಸಿದ್ದು ಇದೇ ಊರಿನಲ್ಲಿ. 1980ರ ದಶಕದಲ್ಲಿ ನಾಡಿನ ಮನೆಮನೆಯೂ ಈ ಕಂಬ, ಈ ಜಗಲಿ, ಈ ಬೀದಿಯನ್ನು ಕಂಡಿತು. ಆ ಚಿತ್ರಗಳಿಗೆ ಕ್ಯಾಮರಾ ಹಿಡಿದವರು ಎಸ್. ರಾಮಚಂದ್ರ. ಮೊಮ್ಮಗಳು ಅಲ್ಲಿಯ ಕಂಬಗಳನ್ನೂ ತೊಟ್ಟಿಯೊಳಗೆ ಇಳಿಯುವ ಮಳೆಯ ಧಾರೆಗಳನ್ನೂ ಮನದಣಿಯೆ ತೆಗೆದಳು.

ಜಗಲಿಯಲ್ಲಿ ಬಿಸಿ ಕಷಾಯದ ಲೋಟ ಹಿಡಿದು ಕುಳಿತಾಗ ತಾತ ಹಳೆಯದೊಂದನ್ನು ಹೇಳಿದರು. ಐವತ್ತು ವರ್ಷಗಳ ಹಿಂದೆ, ಮದುವೆಯಾದ ಹೊಸತರಲ್ಲಿ, ಅವರು ಹೆಂಡತಿಯೊಡನೆ ಇದೇ ಊರಿಗೆ ಬಂದಿದ್ದರು. ಎರಡು ತಿಂಗಳ ಸಂಬಳ ಕೂಡಿಸಿ ಕೊಂಡ ಕ್ಯಾಮರಾ ಜೊತೆಗಿತ್ತು. ಮಳೆಯಲ್ಲಿ ನೆನೆದ ಅದನ್ನು ಮೇಲೆ ಮೇಲೆ ಒರಸಿ, ಚರ್ಮದ ಚೀಲಕ್ಕೆ ಹಾಕಿ, ಊರಿಗೆ ಹೋದ ಮೇಲೆ ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟರು. ಆ ಜೋಪಾನವೇ ಮುಳುವಾಯಿತು. ತೇವ ಹೀರಿದ್ದ ಚರ್ಮ, ಕತ್ತಲು, ಗಾಳಿಯಾಡದ ಟ್ರಂಕು: ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆಯಿಲ್ಲ. ಕೆಲವು ವರ್ಷಗಳ ಮೇಲೆ, ಮಡದಿ ಕಾಯಿಲೆ ಮಲಗಿದಾಗ, ಅವಸರದಿಂದ ಕ್ಯಾಮರಾ ಹೊರತೆಗೆದು ಒಂದು ರೀಲು ತುಂಬ ಅವರ ಚಿತ್ರಗಳನ್ನು ತೆಗೆದರು. ತೊಳೆದು ಬಂದಾಗ ಎಲ್ಲವೂ ಹೊಗೆಯ ಹಿಂದಿನಿಂದ ನೋಡಿದಂತಿದ್ದವು. ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿಯ ಎಳೆಗಳು ಹಬ್ಬಿದ್ದವು. ಮತ್ತೊಂದು ರೀಲು ತುಂಬುವಷ್ಟು ಕಾಲ ಉಳಿದಿರಲಿಲ್ಲ.

“ಅಜ್ಜಿಯ ಆ ಮಂಕಾದ ಫೋಟೋಗಳು ಹಾಗೆ ಆದದ್ದೇ?” ಎಂದಳು ಮೊಮ್ಮಗಳು. ತಾತ ತಲೆಯಾಡಿಸಿ ಕಷಾಯ ಕುಡಿದರು.

ಬೂಷ್ಟಿನ ಬೀಜಕಣಗಳು ಎಲ್ಲ ಕಡೆಯ ಗಾಳಿಯಲ್ಲಿಯೂ ಇರುತ್ತವೆ. ತೇವ ಹೆಚ್ಚಿ, ಧೂಳೋ ಬೆರಳಿನ ಜಿಡ್ಡೋ ಸಿಕ್ಕಿದರೆ ಅವು ಗಾಜಿನ ಮೇಲೂ ಬೇರೂರುತ್ತವೆ. ಬೆಳೆಯುತ್ತ ಬೆಳೆಯುತ್ತ ಆಮ್ಲವನ್ನು ಸ್ರವಿಸಿ ಲೇಪವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತವೆ. ಹೊಸದರಲ್ಲಿ ನುರಿತ ರಿಪೇರಿಯವರ ಕೈಗೆ ಕೊಟ್ಟರೆ ಒರಸಿಹೋದೀತು. ಕೊರೆದ ಮೇಲೆ ಗುರುತು ಅಳಿಯದು. ಆದ್ದರಿಂದ ಮಳೆಯ ಊರಿನಿಂದ ಮರಳಿದ ಕ್ಯಾಮರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬಾರದು. ಮೊದಲು ಗಾಳಿಯಾಡಲು ಬಿಡಬೇಕು. ಆಮೇಲೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳಿನ ಪೊಟ್ಟಣದೊಡನೆ ಇಡಬೇಕು. ತೇವ ಹೀರಿದ ನೀಲಿ ಹರಳು ಗುಲಾಬಿಗೆ ತಿರುಗಿ ಬದಲಿಸುವ ಕಾಲ ಬಂತೆಂದು ತಾನೇ ಸಾರುತ್ತದೆ. ಅದು ಮಕ್ಕಳ ಕೈಗೆ ಸಿಗಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವವರೂ ಉಂಟು. ಅಕ್ಕಿಯ ಹುಡಿ ಲೆನ್ಸಿನ ಸಂದುಗಳಲ್ಲಿ ಸೇರಿ ಬೇರೊಂದು ತೊಂದರೆ ತರುತ್ತದೆ. ಎಲ್ಲಕ್ಕಿಂತ ಮೇಲು, ಕ್ಯಾಮರಾವನ್ನು ಆಗಾಗ ಹೊರತೆಗೆದು ಬಳಸುವುದು. ಬೆಳಕು ಕಂಡ ಕಣ್ಣಿಗೆ ಬೂಷ್ಟು ಹತ್ತುವುದು ಕಡಮೆ.

ಒರಸುವುದಕ್ಕೂ ಒಂದು ಕ್ರಮವಿದೆ. ಮೊದಲು ರಬ್ಬರು ಬುರುಡೆಯಿಂದ ಗಾಳಿ ಊದಿ ಧೂಳನ್ನು ಹಾರಿಸಬೇಕು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಹಾರದೆ ಉಳಿದದ್ದನ್ನು ಮೃದುವಾದ ಕುಂಚದಿಂದ ಕೊಡವಬೇಕು. ಜಿಡ್ಡು ಉಳಿದಿದ್ದರೆ ಮಾತ್ರ ಲೆನ್ಸಿಗೆಂದೇ ಮಾಡಿದ ದ್ರವದ ಒಂದು ಹನಿಯನ್ನು ಬಟ್ಟೆಗೆ, ಗಾಜಿಗಲ್ಲ, ಹಾಕಿ ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹಗುರವಾಗಿ ಒರಸಬೇಕು. ಒಂದೆರಡು ಧೂಳಿನ ಕಣಗಳು ಚಿತ್ರದಲ್ಲಿ ಕಾಣುವುದೂ ಇಲ್ಲ. ಧೂಳಿನಿಂದ ಕೆಟ್ಟ ಲೆನ್ಸುಗಳಿಗಿಂತ ಅತಿ ಮಡಿಯಿಂದ ಉಜ್ಜಿ ಕೆಡಿಸಿದವುಗಳಿಗೇ ಮರುಕಪಡಬೇಕು.

ಸಂಜೆಗೆ ಎಲ್ಲರೂ ಘಟ್ಟದ ತುದಿಯ ಸೂರ್ಯಾಸ್ತದ ಕಟ್ಟೆಗೆ ಹೋದರು. ಚಳಿಗಾಲದ ತಿಳಿಯಾದ ಸಂಜೆಗಳಲ್ಲಿ ಇಲ್ಲಿಂದ ದೂರದ ಕಡಲಿನಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ; ಆಷಾಢದಲ್ಲಿ ಕಾಣುವುದು ಮಂಜೊಂದೇ. ಕೆಳಗೆ ಸೋಮೇಶ್ವರದ ಕಡೆಗೆ ತಿರುವುತಿರುವಾಗಿ ಇಳಿಯುವ ರಸ್ತೆಯಲ್ಲಿ ಬಸ್ಸೊಂದು ದೀಪ ಹಚ್ಚಿಕೊಂಡು ಏರುತ್ತಿತ್ತು. ತಾತ ಕಟ್ಟೆಗೆ ಕೈಯೂರಿ ನಿಂತರು. ಐವತ್ತು ವರ್ಷಗಳ ಹಿಂದೆ ಅವರ ಪತ್ನಿ ನಿಂತಿದ್ದುದೂ ಅಲ್ಲಿಯೇ.

ಮಳೆ ಒಂದು ಗಳಿಗೆ ಹಿಡಿಯಿತು. ಮೊಮ್ಮಗಳು ಲೆನ್ಸಿನ ಮುಚ್ಚಳ ತೆಗೆದು, ಓರೆಯಾಗಿ ಹಿಡಿದು ನೋಡಿದಳು. ಒಂದು ಹನಿಯಿತ್ತು. ದುಪಟ್ಟಾದ ಕಡೆಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದು, ಚೀಲದಿಂದ ಬುರುಡೆಯನ್ನು ಹುಡುಕಿ ಊದಿದಳು. ಹನಿ ಹಾರಿತು.

“ತಾತ, ಈ ಕಡೆ ನೋಡಿ.”

ಚಿತ್ರದಲ್ಲಿ ಮಂಜಿದೆ, ಆದರೆ ಅದು ಘಟ್ಟದ ಮಂಜು. ತಾತನ ಮುಖ, ಹುಬ್ಬಿನ ಮೇಲೆ ನಿಂತ ಹನಿಯ ಸಹಿತ, ತಿಳಿಯಾಗಿ ಮೂಡಿದೆ.