ಜೀಪು ಹುಟ್ಟಿದ ಊರು

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋದರೆ ಅಲ್ಲಿಂದ ಉತ್ತರಕ್ಕಿರುವ ಬಟ್ಲರ್ ಎಂಬ ಸಣ್ಣ ಊರನ್ನೂ ನೋಡಿ ಬನ್ನಿ. 1940ರಲ್ಲಿ ಸೇನೆ ಕೇಳಿದ ಕಾಲು ಟನ್ ಟ್ರಕ್ಕನ್ನು, ಅಂದರೆ ಜೀಪಿನ ಮೊದಲ ಮಾದರಿಯನ್ನು, ಇಲ್ಲಿನ ಬ್ಯಾಂಟಮ್ ಕಂಪನಿ 49 ದಿನಗಳಲ್ಲಿ ಕಟ್ಟಿಕೊಟ್ಟಿತು. ಆದರೆ ಪುಟ್ಟ ಕಾರ್ಖಾನೆ ಯುದ್ಧಕ್ಕೆ ಎಷ್ಟು ಗಾಡಿ ಕೊಟ್ಟೀತು? ಸೇನೆ ಅದರ ನಕ್ಷೆಗಳನ್ನು ವಿಲ್ಲೀಸ್, ಫೋರ್ಡ್ ಕಂಪನಿಗಳಿಗೂ ಕೊಟ್ಟಿತು. ಕೊನೆಗೆ ಗೆದ್ದದ್ದು ವಿಲ್ಲೀಸ್ ಮಾದರಿ. ಅದನ್ನೇ ಎದುರಾಳಿ ಫೋರ್ಡ್ ಕೂಡ ತಯಾರಿಸಿತು. ಒಬ್ಬರ ಬಿಡಿಭಾಗ ಇನ್ನೊಬ್ಬರ ಗಾಡಿಗೆ ಹೊಂದಲೇಬೇಕು. ರಣರಂಗದಲ್ಲಿ ಕೆಟ್ಟು ನಿಂತ ಗಾಡಿಗೆ ಕಂಪನಿಯ ಹೆಸರು ಕಟ್ಟಿಕೊಂಡು ಏನಾಗಬೇಕು? ಆದರೂ ಫೋರ್ಡ್ ತನ್ನ ಬೋಲ್ಟುಗಳ ಮೇಲೂ 'ಎಫ್' ಅಕ್ಷರ ಒತ್ತಿತು! ಅವೆರಡೂ ಮಾಡಿದ್ದು ಆರು ಲಕ್ಷಕ್ಕೂ ಹೆಚ್ಚು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರಕ್ಕೂ ಕಡಿಮೆ. ಆಮೇಲೆ ಅದರ ಪಾಲಿಗೆ ಬಂದದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರ್. ಮುಂದೆ ಮುಂಬಯಿಯಲ್ಲಿ ಮಹೀಂದ್ರಾ ಜೋಡಿಸಿದ್ದೂ ವಿಲ್ಲೀಸ್ ಜೀಪನ್ನೇ. ಅದನ್ನು ಕಂಡಾಗ ಬಟ್ಲರನ್ನೂ ನೆನೆಯಿರಿ.