ಇನ್ನೊಂದು ಕೈ

ಬಹುತೇಕ ಎಲ್ಲ ಮನೆಗಳಲ್ಲಿಯೂ, ಬಿಡುವಾದಾಗ ಮಾಡೋಣವೆಂದು ಎತ್ತಿಟ್ಟ ಕೆಲಸವೊಂದು ಇದ್ದೇ ಇರುತ್ತದೆ. ಅಟ್ಟದ ಮೇಲೋ ಕಪಾಟಿನ ಮೂಲೆಯಲ್ಲೋ ಅದು ಧೂಳು ಹಿಡಿಯುತ್ತಾ ಕುಳಿತಿರುತ್ತದೆ. ಬಿಡುವು ಬರುವ ಹೊತ್ತಿಗೆ ಎತ್ತಿಟ್ಟವರೇ ಇರುವುದಿಲ್ಲ. 2021ರ ಕ್ರಿಸ್ಮಸ್ ಕಳೆದ ಕೆಲವು ದಿನಗಳಿಗೆ ಬೆಂಗಳೂರಿನಿಂದ ಅತ್ತಿಗೆ ನನಗೆ ಕಳುಹಿಸಿಕೊಟ್ಟದ್ದು ಅಂಥದೊಂದು ಪೆಟ್ಟಿಗೆಯನ್ನು. ಅದರ ಮೇಲೆ ‘ಸ್ಪಿಟ್‌ಫೈರ್’ ಯುದ್ಧವಿಮಾನದ ಚಿತ್ರವಿತ್ತು. ಒಳಗೆ ಅದರ ಮಾದರಿಯನ್ನು ಕಟ್ಟಲು ಬೇಕಾದ ನೂರಕ್ಕೂ ಮಿಕ್ಕಿದ ಪ್ಲಾಸ್ಟಿಕ್ ಬಿಡಿಭಾಗಗಳಿದ್ದವು. ಅದು ನನ್ನ ಅಣ್ಣನದು. ಅಣ್ಣ ಆ ವರ್ಷದ ಮೇ ತಿಂಗಳಿನಲ್ಲಿ ಕೊರೋನಾದಿಂದ ತೀರಿಕೊಂಡಿದ್ದ.

ನಮ್ಮ ತಂದೆ ಯಾದಗಿರಿಯಲ್ಲಿ ರೈಲ್ವೆ ನೌಕರರಾಗಿದ್ದರು. ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಸುಗ್ಗಿ ಮುಗಿದ ಮೇಲೆ ಹೊಲಗಳಿಂದ ಜೋಳದ ದಂಟು ತಂದು, ಸಿಪ್ಪೆ ಸುಲಿದು, ಒಳಗಿನ ಹಗುರವಾದ ಬೆಂಡಿನಿಂದ ಬಂಡಿ, ಎತ್ತು, ವಿಮಾನಗಳನ್ನು ಅವನು ಮಾಡುತ್ತಿದ್ದ. ಬೆಂಡಿನ ತುಂಡುಗಳನ್ನು ಜೋಡಿಸಲು ಜಾಲಿಯ ಮುಳ್ಳು ಬೇಕು. ಮುಳ್ಳುಗಳನ್ನು ಆಯ್ದು ಒಂದೊಂದಾಗಿ ಅವನ ಕೈಗೆ ಕೊಡುವುದು, ಅವನು ಚುಚ್ಚುವಾಗ ರೆಕ್ಕೆ ಅಲುಗಾಡದಂತೆ ಹಿಡಿಯುವುದು ನನ್ನ ಕೆಲಸ. ಮುಂದೆ ಅವನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ ಸೇರಿದ. ನಾನು ಗುರುಮಠ ಸೇರಿದೆ. ಜಾಗ್ವಾರ್ ವಿಮಾನಗಳ ಜೋಡಣೆಯಲ್ಲಿ ಅವನ ಕೈ ಪಳಗಿತು. ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿದ್ದ ಸಹೋದ್ಯೋಗಿಯೊಬ್ಬರು ಅವನಿಗೆ ತಂದುಕೊಟ್ಟದ್ದು ಈ ಪೆಟ್ಟಿಗೆ. ‘ನಿವೃತ್ತಿಯ ಮೇಲೆ ಕಟ್ಟುತ್ತೇನೆ’ ಎಂದು ಅವನು ಅದನ್ನು ಎತ್ತಿಟ್ಟಿದ್ದ.

ನನಗೆ ಗುರುದೀಕ್ಷೆಯಾದ ಮೇಲೆ ಅಣ್ಣ ನಾಲ್ಕು ಜನರ ಮುಂದೆ ನನ್ನನ್ನು ‘ಫಾದರ್’ ಎಂದೂ, ಮನೆಯೊಳಗೆ ‘ತಮ್ಮಾ’ ಎಂದೂ ಕರೆಯುತ್ತಿದ್ದ. 2012ರ ಬೇಸಿಗೆಯ ನಂತರ ಮನೆಯೊಳಗೂ ‘ಫಾದರ್’ ಎಂದೇ ಕರೆಯತೊಡಗಿದ. ಅದರ ಕಾರಣವನ್ನು ಇಂದು ಬರೆಯಬೇಕಾಗಿದೆ.

ಆಗ ನಾನು ಶಹಾಪುರದಲ್ಲಿದ್ದೆ. ತಾಯಿ ಯಾದಗಿರಿಯ ಮನೆಯಲ್ಲಿ ಒಬ್ಬರೇ ಇದ್ದರು. ಹೃದಯದ ತೊಂದರೆಯಿಂದ ಅವರಿಗೆ ಏದುಸಿರು ಬರುತ್ತಿತ್ತು. ‘ಅವ್ವನನ್ನು ಇಲ್ಲಿಗೆ ಕಳುಹಿಸು, ದೊಡ್ಡ ಡಾಕ್ಟರಿಗೆ ತೋರಿಸೋಣ’ ಎಂದು ಅಣ್ಣ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ‘ಬಿಸಿಲು ಇಳಿದರೆ ಸರಿಹೋಗುತ್ತದೆ, ಊರು ಬಿಡಿಸುವುದು ಬೇಡ’ ಎಂದು ನಾನು ಮುಂದೂಡುತ್ತಾ ಬಂದೆ. ಒಂದು ರಾತ್ರಿ ಉಸಿರಾಟ ಬಿಗಡಾಯಿಸಿತು. ಕಲಬುರಗಿಗೆ ಕರೆದೊಯ್ಯುವ ದಾರಿಯಲ್ಲಿಯೇ ತಾಯಿ ಕಣ್ಣು ಮುಚ್ಚಿದರು. ಮಣ್ಣು ಮಾಡಿ ಬಂದ ಸಂಜೆ ಅಣ್ಣ ಹೇಳಿದ: ‘ನಿನಗೆ ಊರಿನವರ ತಾಯಂದಿರೆಲ್ಲ ಕಂಡರು, ನಮ್ಮ ಅವ್ವ ಕಾಣಲಿಲ್ಲ.’ ನಾನು ಸುಮ್ಮನಿರಬಹುದಿತ್ತು. ‘ಫೋನಿನಲ್ಲಿ ಮಗನಾಗುವುದು ಸುಲಭ’ ಎಂದುಬಿಟ್ಟೆ. ಆಮೇಲಿನ ಒಂಬತ್ತು ವರ್ಷ ಹಬ್ಬದ ಶುಭಾಶಯಗಳ ಹೊರತು ನಮ್ಮ ನಡುವೆ ಮಾತು ಉಳಿಯಲಿಲ್ಲ. ಕ್ಷಮೆಯ ಕುರಿತು ಆ ವರ್ಷಗಳಲ್ಲಿ ನಾನು ಎಷ್ಟು ಪ್ರಬೋಧನೆಗಳನ್ನು ಮಾಡಿದ್ದೇನೋ ಲೆಕ್ಕವಿಲ್ಲ. ಅಣ್ಣನ ಅಂತ್ಯಕ್ರಿಯೆಯನ್ನು ಲಾಕ್‌ಡೌನಿನ ಕಾರಣದಿಂದ ಮೊಬೈಲಿನ ಪರದೆಯ ಮೇಲೆ ನೋಡಿದೆ.

ಸೇವೆಯ ನಿಮಿತ್ತ ಸುರಪುರದಲ್ಲಿದ್ದ ನಾನು ಕೆಲವು ವಾರ ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಕೊನೆಗೊಂದು ದಿನ ಬಿಚ್ಚಿದೆ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1970ರಲ್ಲಿ ಮೊದಲು ಹೊರತಂದ ಮಾದರಿ ಅದು. ನಿಜವಾದ ವಿಮಾನದ ಇಪ್ಪತ್ತನಾಲ್ಕನೆಯ ಒಂದರಷ್ಟು ಗಾತ್ರ. ಹನ್ನೊಂದು ಮೀಟರಿಗೂ ಮಿಕ್ಕಿದ ರೆಕ್ಕೆಯ ಹರವು ಇಲ್ಲಿ ಸುಮಾರು 47 ಸೆಂಟಿಮೀಟರಿಗೆ ಇಳಿದಿದೆ. ಹನ್ನೆರಡು ಸಿಲಿಂಡರುಗಳ ಮರ್ಲಿನ್ ಎಂಜಿನ್, ಚಾಲಕನ ಆಸನ, ರೆಕ್ಕೆಗೆ ನಾಲ್ಕರಂತೆ ಎಂಟು ಮಷಿನ್‌ಗನ್‌ಗಳು, ಎಲ್ಲವೂ ಉಂಟು. ಸೂಚನಾ ಪತ್ರದ ಅಂಚಿನಲ್ಲಿ ಅಣ್ಣ ಪೆನ್ಸಿಲಿನಿಂದ ಗುರುತು ಮಾಡಿಕೊಂಡಿದ್ದ: ಯಾವುದಕ್ಕೆ ಮೊದಲು ಬಣ್ಣ, ಯಾವುದನ್ನು ಉಜ್ಜಿ ನಯ ಮಾಡಬೇಕು ಎಂದು. ವಿಮಾನದ ಒಡಲಿನ ಎರಡು ಹೋಳುಗಳನ್ನು ಕೂಡಿಸುವ ಹಂತದ ಪಕ್ಕದಲ್ಲಿ ಮೂರೇ ಪದ: ‘ಇನ್ನೊಂದು ಕೈ ಬೇಕು.’ ಅದು ಕೇವಲ ಕೆಲಸದ ಟಿಪ್ಪಣಿ. ಆದರೂ ಅದನ್ನು ಓದಿದ ಮೇಲೆ ಪೆಟ್ಟಿಗೆಯನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ.

ಕೆಲಸ ಆರಂಭವಾಯಿತು. ನಮ್ಮ ಕಡೆಯ ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ಬಣ್ಣ ಕುಂಚದಲ್ಲಿಯೇ ಒಣಗುತ್ತದೆ. ಗಾಳಿ ಎದ್ದರೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ. ಆದ್ದರಿಂದ ಮುಂಜಾನೆಯ ಬಲಿಪೂಜೆ ಮುಗಿದ ಮೇಲೆ ಒಂದು ಗಂಟೆ ಮಾತ್ರ ಅದಕ್ಕೆ ಮೀಸಲು. ಒಂದು ದಿನ ನೆರೆಮನೆಯ ಹುಡುಗನೊಬ್ಬ ಕಿಟಕಿಯಲ್ಲಿ ಇಣುಕಿ ಕೇಳಿದ: ‘ಫಾದರ್, ಇದು ಹಾರ್ತದೇನ್ರಿ?’ ಇಲ್ಲವೆಂದೆ. ‘ಮತ್ತ ಯಾಕ ಇಷ್ಟು ತ್ರಾಸ ತಗೋತೀರಿ?’ ಎಂದ. ಉತ್ತರ ಹೊಳೆಯಲಿಲ್ಲ.

ಈ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಅಂಟಿನ ಗುಣವನ್ನು. ಕ್ಷಣದಲ್ಲಿ ಹಿಡಿಯುವ ಅಂಗಡಿಯ ಅಂಟು ಎರಡು ತುಂಡುಗಳ ನಡುವೆ ತಾನೇ ಗಟ್ಟಿಯಾಗಿ ನಿಲ್ಲುತ್ತದೆ. ಏಟು ಬಿದ್ದರೆ ಅಲ್ಲಿಯೇ ಬಿರುಕು. ಈ ಬಗೆಯ ಪ್ಲಾಸ್ಟಿಕ್ಕಿಗೆಂದೇ ಇರುವ ಅಂಟಿನ ರೀತಿ ಬೇರೆ. ಅದು ಎರಡೂ ಅಂಚುಗಳನ್ನು ಒಂದಿಷ್ಟು ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಒಂದರೊಳಗೊಂದು ಬೆರೆಯುತ್ತವೆ. ದ್ರವ ಆರಿಹೋದ ಮೇಲೆ ಉಳಿಯುವುದು ಅಂಟಲ್ಲ, ಒಂದಾದ ಪ್ಲಾಸ್ಟಿಕ್. ಆದರೆ ಒಂದೇ ಅಂಚು ಕರಗಿದರೆ ಬೆಸುಗೆ ಗಟ್ಟಿಯಾಗುವುದಿಲ್ಲ. ಒಂಬತ್ತು ವರ್ಷ ನಾವಿಬ್ಬರೂ, ಮೊದಲು ಅವನು ಕರಗಲಿ ಎಂದು ಕಾದವರು.

ಒಡಲಿನ ಹೋಳುಗಳನ್ನು ಕೂಡಿಸುವ ದಿನ ಆ ಹುಡುಗನನ್ನೇ ಕರೆದೆ. ಅವನು ಎರಡೂ ಕೈಗಳಿಂದ ಬಿಗಿಹಿಡಿದ. ನಾನು ಕೂಡುಗೆರೆಯ ಉದ್ದಕ್ಕೂ ಅಂಟು ಹರಿಸಿ ಪಟ್ಟಿ ಸುತ್ತಿದೆ. ತಿಂಗಳುಗಟ್ಟಲೆ ಬಣ್ಣ ಹಚ್ಚಿದ ಒಳಗಿನ ಎಷ್ಟೋ ಭಾಗಗಳು ಅಂದು ಕಣ್ಣಿಗೆ ಮರೆಯಾದವು. ‘ಇನ್ನ ಯಾರಿಗೂ ಕಾಣಂಗಿಲ್ಲಲ್ರಿ’ ಎಂದು ಹುಡುಗ ನೊಂದುಕೊಂಡ. ‘ಮಾಡಿದ ನಮ್ಮಿಬ್ಬರಿಗೆ ಗೊತ್ತಲ್ಲ’ ಎಂದೆ.

ಪೆಟ್ಟಿಗೆಯ ತಳದಲ್ಲಿ ಅಣ್ಣ ಬರೆದ ಇನ್ನೊಂದು ಹಾಳೆಯಿತ್ತು. ವಿಮಾನದ ಚಿತ್ರ ಬಿಡಿಸಿ, ಪಕ್ಕೆಯ ಮೇಲೆ ‘ಯು.ಎಂ.’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಹಾಕಿ, ಕೆಳಗೆ ‘152, ಹೈದರಾಬಾದ್, ನಮ್ಮ ಕಡೆಯದು’ ಎಂದು ಬರೆದಿದ್ದ. ಓದಿ ತಿಳಿದಾಗ ಬೆರಗಾದೆ. ಬ್ರಿಟಿಷ್ ವಾಯುಪಡೆಯ 152ನೆಯ ದಳಕ್ಕೆ ಹೈದರಾಬಾದಿನ ಹೆಸರಿತ್ತು, ಏಕೆಂದರೆ ಅದು ನಿಜಾಮರು ಕೊಟ್ಟ ಕಾಣಿಕೆಯ ದಳ. ಅದರ ಲಾಂಛನದಲ್ಲಿ ಇದ್ದುದು ನಿಜಾಮರ ಶಿರೋಭೂಷಣ. 1940ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರವನ್ನು ಕಾಯಲು ಆ ದಳದ ಸ್ಪಿಟ್‌ಫೈರ್‌ಗಳು ವಾರ್ಮ್‌ವೆಲ್ ನೆಲೆಯಿಂದ ಹಾರಿದವು. ಆಗ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಅವರ ಸಿರಿಯ ಹಿಂದೆ ಇಂಥ ನೆಲಗಳ ಕಂದಾಯವೂ ಇತ್ತು. ಇದೇ ಸುರಪುರದ ದೊರೆ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಬ್ರಿಟಿಷರು 1860ರಲ್ಲಿ ಈ ಸೀಮೆಯನ್ನು ನಿಜಾಮರಿಗೆ ಕೊಟ್ಟರು. ಬ್ರಿಟಿಷರೊಡನೆ ಕಾದಾಡಿದ ನೆಲವನ್ನೂ ಒಳಗೊಂಡ ಸಂಸ್ಥಾನದ ಹೆಸರು ಎಂಬತ್ತೆರಡು ವರ್ಷಗಳ ಬಳಿಕ ಬ್ರಿಟನ್ನಿನ ಆಕಾಶದಲ್ಲಿ ಹಾರಾಡಿತು.

ಗುರುವಾದವನು ಯುದ್ಧವಿಮಾನವನ್ನು ಮೇಜಿನ ಮೇಲಿಟ್ಟುಕೊಂಡು ಕಟ್ಟುವುದು ಸರಿಯೇ ಎಂದು ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆ ನನ್ನೊಳಗೂ ಇತ್ತು. ಇದನ್ನು ರೂಪಿಸಿದ ಮಿಚೆಲ್ ಎಂಬ ಎಂಜಿನಿಯರ್ 1937ರಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ತಮ್ಮ ವಿಮಾನ ಯುದ್ಧದಲ್ಲಿ ಹಾರಿದ್ದನ್ನು ಅವರು ನೋಡಲಿಲ್ಲ. ಅದರಲ್ಲಿ ಕುಳಿತವರೋ ಮೀಸೆ ಚಿಗುರುವ ವಯಸ್ಸಿನ ಹುಡುಗರು. ಎಂಟು ಬಂದೂಕುಗಳನ್ನು ರೆಕ್ಕೆಯೊಳಗೆ ಕೂರಿಸುವಾಗ ಆ ಹುಡುಗರ ತಾಯಂದಿರು ನೆನಪಾದರು. ಎದುರು ಪಕ್ಷದ ಹುಡುಗರ ತಾಯಂದಿರೂ ನೆನಪಾದರು. ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ‘ಇದನ್ನು ಯುದ್ಧಕ್ಕಾಗಿ ಕಟ್ಟುತ್ತಿಲ್ಲ, ಒಂದು ಜಗಳಕ್ಕಾಗಿ ಕಟ್ಟುತ್ತಿದ್ದೇನೆ.’

ಅಕ್ಷರಗಳನ್ನು ಬರೆಯಲು ನನ್ನ ಕುಂಚಗಳು ಒರಟಾಗಿದ್ದವು. ಸುರಪುರವು ನಾಯಕರ ಕಾಲದಿಂದ ಕಿರುಚಿತ್ರ ಕಲೆಗೆ ಹೆಸರಾದ ಊರು. ಚಿತ್ರ ಬರೆಯುವ ಪರಿಚಿತರೊಬ್ಬರು ಎಳೆಗೂದಲಿನ ಕುಂಚವೊಂದನ್ನು ಕೊಟ್ಟು, ‘ಉಸಿರು ಬಿಟ್ಟು ಗೆರೆ ಎಳೆಯಿರಿ, ಉಸಿರು ಹಿಡಿದು ಎಳೆದರೆ ಕೈ ನಡುಗುತ್ತದೆ’ ಎಂದರು. ಹಾಗೆಯೇ ಮಾಡಿದೆ. ಬೂದು ಬಣ್ಣದ ಎರಡು ಅಕ್ಷರಗಳು ಒಂದು ವಾರ ಹಿಡಿದವು.

2023ರ ಮೇ ತಿಂಗಳಲ್ಲಿ, ಅಣ್ಣನ ಎರಡನೆಯ ವರ್ಷದ ಪೂಜೆಗೆ ಮಾದರಿಯನ್ನು ಬೆಂಗಳೂರಿಗೆ ಒಯ್ಯಬೇಕೆಂಬ ಆತುರ ನನಗೆ. ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವೊಂದು ಉಳಿದಿತ್ತು. ಅದನ್ನು ಬಿಳಿಯ ಮರಗೆಲಸದ ಅಂಟಿನಿಂದ ಕೂರಿಸಬೇಕು; ಆರಿದರೆ ಅದು ತಿಳಿಯಾಗುತ್ತದೆ. ಹಾಗೆಂದು ಅಣ್ಣ ಅಂಚಿನಲ್ಲಿ ಬರೆದೂ ಇದ್ದ. ಒಂದು ರಾತ್ರಿ ಕಾಯುವ ತಾಳ್ಮೆಯಿಲ್ಲದೆ ನಾನು ಕ್ಷಣದಲ್ಲಿ ಹಿಡಿಯುವ ಅಂಟನ್ನೇ ಬಳಸಿದೆ. ಅದರ ಆವಿ ತಗುಲಿ, ಬೆಳಗಾಗುವಷ್ಟರಲ್ಲಿ ಮುಚ್ಚಳಕ್ಕೆ ಮಂಜು ಕವಿದಂತೆ ಬಿಳಿಯ ಪೊರೆ ಬಂದಿತ್ತು. ಅಣ್ಣ ಹೇಳಿದ್ದನ್ನು ಎರಡನೆಯ ಸಲ ಕೇಳದೆ ಹೋದೆ ಎನ್ನಿಸಿ ಕುಸಿದು ಕುಳಿತೆ. ಮೆಲ್ಲನೆ ಬಿಡಿಸಿ, ಹಲ್ಲುಜ್ಜುವ ಪೇಸ್ಟನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಮೂರು ದಿನ ಉಜ್ಜಿದೆ. ಬಹುಪಾಲು ತಿಳಿಯಾಯಿತು. ಚೌಕಟ್ಟಿನ ಮೂಲೆಯಲ್ಲಿ ಮಾತ್ರ ಒಂದು ಕಲೆ ಉಳಿದಿದೆ. ಅದು ಹೋಗುವುದಿಲ್ಲ.

ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರು ತಲುಪಿದೆ. ಪೂಜೆ ಮುಗಿದ ಮೇಲೆ ವಿಮಾನವನ್ನು ಅಣ್ಣನ ಪಟದ ಕೆಳಗಿಟ್ಟೆ. ಅತ್ತಿಗೆ ಬಹಳ ಹೊತ್ತು ನೋಡಿ, ಮೂಲೆಯ ಕಲೆಯ ಮೇಲೆ ಬೆರಳಾಡಿಸಿದರು. ‘ಅದು ನನ್ನ ತಪ್ಪು, ಅಣ್ಣ ಹೇಳಿದ ಹಾಗೆ ಮಾಡಲಿಲ್ಲ’ ಎಂದೆ. ಮಾತು ಅಲ್ಲಿಗೆ ನಿಲ್ಲಲಿಲ್ಲ. ‘ಅವ್ವನ ವಿಷಯದಲ್ಲಿಯೂ ಅಣ್ಣ ಹೇಳಿದ್ದೇ ಸರಿಯಿತ್ತು, ಅತ್ತಿಗೆ. ಅವನಿಗೆ ಹೇಳಬೇಕಾಗಿದ್ದದ್ದನ್ನು ನಿಮಗೆ ಹೇಳುತ್ತಿದ್ದೇನೆ’ ಎಂದೆ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ‘ಊಟಕ್ಕೆ ಏಳಿ, ಫಾದರ್, ಆರಿಹೋಗುತ್ತದೆ’ ಎಂದರು.

ಆ ಊಟದಿಂದ ನನಗೆ ಸಮಾಧಾನವಾಯಿತೆಂದು ಹೇಳಿದರೆ ಅದು ಅರ್ಧ ಸತ್ಯ. ಅತ್ತಿಗೆಗೆ ಹೇಳಿದ್ದು ಅಣ್ಣನಿಗೆ ಹೇಳಿದ ಹಾಗಾಗಲಿಲ್ಲ. ಆದರೆ ಕಿಟಕಿಯಲ್ಲಿ ಇಣುಕಿದ ಹುಡುಗನ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಅಷ್ಟು ತ್ರಾಸ ತೆಗೆದುಕೊಂಡದ್ದು ವಿಮಾನ ಹಾರಲೆಂದಲ್ಲ. ಹದಿನಾರು ತಿಂಗಳು ಪ್ರತಿದಿನ ಒಂದು ಗಂಟೆ ಅಣ್ಣನ ಅಕ್ಷರದ ಮುಂದೆ ಕುಳಿತಿರಲೆಂದು. ಅವನು ಇದ್ದಾಗ ಅದರಲ್ಲಿ ಒಂದು ಗಂಟೆಯನ್ನೂ ನಾನು ಅವನಿಗೆ ಕೊಟ್ಟಿರಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಎತ್ತಿಟ್ಟ ಪೆಟ್ಟಿಗೆಯೊಂದು ಇರಬಹುದು. ಮಾತು ನಿಂತುಹೋದ ಅಣ್ಣನೋ ತಂಗಿಯೋ ಇರಬಹುದು. ಯಾರದು ಸರಿ, ಯಾರದು ತಪ್ಪು ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು. ಹಿಡಿಯಲು ಇನ್ನೊಂದು ಕೈ ಇರುವಾಗಲೇ ಪೆಟ್ಟಿಗೆಯನ್ನು ಕೆಳಗಿಳಿಸಿರಿ.